ಡೆಂಗ್ಯೂ ಬಂದ ಹುಡುಗನ ಪಿತ್ತಕೋಶ ಊದಿದೆ, ಆಪರೇಷನ್ ಬೇಕಾ?

ವಿರಾಜಪೇಟೆ ಅತ್ತೆ: ಅಣ್ಣನ ಮಗ, 9 ವರ್ಷ. ಡೆಂಗ್ಯೂ. ಬಲಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಿದರೆ ಚೀರುತ್ತಾನೆ, ವಾಂತಿ ಬೇರೆ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಗೋಡೆ 6 ಮಿ.ಮೀ. ದಪ್ಪ, ಕಲ್ಲಿಲ್ಲ ಅಂತ ಬಂದಿದೆ. ಸ್ಕ್ಯಾನ್ ಮಾಡಿದವರು ‘ಆಪರೇಷನ್ ಆಗಬಹುದು’ ಅಂದರು.

ಕಾಫಿಹೂವು: ಕಲ್ಲೇ ಇಲ್ಲ ಅಂದ ಮೇಲೆ ಆಪರೇಷನ್ ಎಲ್ಲಿಂದ ಬಂತು? ಡೆಂಗ್ಯೂನಲ್ಲಿ ರಕ್ತನಾಳದಿಂದ ನೀರು ಸೋರಿ ಗೋಡೆ ಊದುತ್ತದೆ. ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಆದರೆ ಸೋರಿಕೆ ಜಾಸ್ತಿ ಇರೋ ಗುರುತು ಅದು, ಅಡ್ಮಿಟ್ ಮಾಡಿಸಿ. ಕೈಮೀರಿದರೆ ಮೈಸೂರು ಇದೆ.

ಸಂಪಾಜೆಯವ: ಎಲ್ಲದಕ್ಕೂ ಮೈಸೂರೇನಾ? ಮಂಗಳೂರಿನಲ್ಲಿ ಎಷ್ಟು ಮೆಡಿಕಲ್ ಕಾಲೇಜುಗಳಿವೆ ಗೊತ್ತಾ?

ಕಾಫಿಹೂವು: ಈ ಮಳೇಲಿ ಸಂಪಾಜೆ ಘಾಟಿ ಇಳಿಸಬೇಕಾ? 2018ರ ಆಗಸ್ಟ್ ಮರೆತುಹೋಯ್ತಾ?

ಸಂಪಾಜೆಯವ: ಒಂದು ಸಲ ಗುಡ್ಡ ಜರಿದಿದ್ದಕ್ಕೆ ಜೀವನಪೂರ್ತಿ ಹೇಳ್ತೀರಲ್ಲ!

ತಿತಿಮತಿ ತೋಟ: ಸ್ವಾಮಿ, ವಿರಾಜಪೇಟೆಯಿಂದ ನಿಮ್ಮ ಘಾಟಿಗೆ ಬರೋಕೆ ಮೊದಲು ಮಡಿಕೇರಿ ಹತ್ತಬೇಕು. ಗೋಣಿಕೊಪ್ಪ, ತಿತಿಮತಿ, ಹುಣಸೂರು ಅಂತ ಹೋದರೆ ಸಲೀಸು.

ಸಂಪಾಜೆಯವ: ಸಲೀಸಂತೆ! ಆನೆ ಅಡ್ಡ ನಿಂತರೆ ಆಂಬುಲೆನ್ಸ್ ಹಾರಿಸ್ತೀರಾ?

ತಿತಿಮತಿ ತೋಟ: ಆನೆ ಪಕ್ಕಕ್ಕೆ ಹೋಗುತ್ತೆ. ಗುಡ್ಡ ಹೋಗಲ್ಲ.

ಲ್ಯಾಬ್‌ನವಳು: ರೋಡ್ ಆಮೇಲೆ ಹಾಕಿ. ಊದಿದ್ದೆಲ್ಲ ಡೆಂಗ್ಯೂ ಅಂದುಕೊಳ್ಳಬೇಡಿ. ಟೈಫಾಯ್ಡ್, ಇಲಿಜ್ವರ, ಹೆಪಟೈಟಿಸ್ ‘ಎ’, ಇವುಗಳಲ್ಲೂ ಕಲ್ಲಿಲ್ಲದೆ ಊದುತ್ತದೆ. ಆಗ ಡ್ರಿಪ್, ನೋವಿನ ಔಷಧಿ, ಬೇಕಿದ್ದರೆ ಆಂಟಿಬಯಾಟಿಕ್. ಸಾಮಾನ್ಯವಾಗಿ ಕಲ್ಲಿದ್ದು ಪದೇ ಪದೇ ನೋವು ಬಂದರೆ ಪಿತ್ತಕೋಶ ತೆಗೆಯೋ ಮಾತು. ಮಕ್ಕಳಲ್ಲಿ ಕಲ್ಲು ಕಂಡರೆ ಸಿಕಲ್ ಸೆಲ್ (ರಕ್ತಕಣ ಬೇಗ ಒಡೆದು ಕಲ್ಲಾಗಿಸೋ, ವಂಶದಲ್ಲಿ ಬರೋ ಕಾಯಿಲೆ) ಇದೆಯಾ ನೋಡಬೇಕು, ನಮ್ಮ ಆದಿವಾಸಿ ಹಾಡಿಗಳಲ್ಲಿ ಇದೆ. ಅಂದ ಹಾಗೆ, ಸ್ಕ್ಯಾನ್‌ಗೆ ಮುಂಚೆ ಹುಡುಗ ಏನಾದರೂ ತಿಂದಿದ್ನಾ?

ಕಾಫಿಹೂವು: ಹಾಡಿ ಯಾಕೆ ಎಳೆದು ತರ್ತೀರಿ? ಹುಡುಗ ಹಾಡಿಯವನಾ?

ಲ್ಯಾಬ್‌ನವಳು: ‘ಕಲ್ಲು ಕಂಡರೆ’ ಅಂದೆ. ಪೂರ್ತಿ ಓದೋಕೆ ಬರಲ್ವಾ?

ವಿರಾಜಪೇಟೆ ಅತ್ತೆ: ಅರ್ಧ ಗಂಟೆ ಮುಂಚೆ ಒಂದು ಲೋಟ ಹಾಲು ಕುಡಿದಿದ್ದ.

ಲ್ಯಾಬ್‌ನವಳು: ಹಾಲು ಕುಡಿದರೆ ಪಿತ್ತಕೋಶ ಮುದುಡಿಕೊಂಡು ಗೋಡೆ ದಪ್ಪ ಕಾಣುತ್ತದೆ. ಆ 6 ಮಿ.ಮೀ. ಪೂರ್ತಿ ನಂಬಬೇಡಿ. ಡಾಕ್ಟರಿಗೆ ಇದನ್ನ ಹೇಳಿ, ಖಾಲಿ ಹೊಟ್ಟೇಲಿ ಇನ್ನೊಮ್ಮೆ ಮಾಡಿಸಿ.

ಕಾಫಿಹೂವು: ನಾನೂ ಅದನ್ನೇ ಹೇಳಿದ್ದು, ಆಪರೇಷನ್ ಬೇಡ ಅಂತ.

ವಿರಾಜಪೇಟೆ ಅತ್ತೆ: ಮಕ್ಕಳ ಡಾಕ್ಟರ್ ಡ್ರಿಪ್ ಹಾಕಿದ್ದಾರೆ. ನಾಳೆ ಮತ್ತೆ ಸ್ಕ್ಯಾನಂತೆ.

ಸಂಪಾಜೆಯವ: ಎಲ್ಲಿ, ಮೈಸೂರಲ್ಲಾ?

ವಿರಾಜಪೇಟೆ ಅತ್ತೆ: ಮಡಿಕೇರೀಲಿ.

ಸಂಪಾಜೆಯವ: ಹಾಗಾದ್ರೆ ಅರ್ಧ ದಾರಿ ನಮ್ಮ ಕಡೆಗೇ ಬಂದ ಹಾಗಾಯ್ತು.