ಸಹಾಯ ಬೇಕು: ಸಾರಜನಕದ ಕೊರತೆಯಲ್ಲಿ ಬೆಳೆಸಿದ ಶಿಲೀಂಧ್ರದ ಕಿಣ್ವ ಬೇಗನೆ ಕುಸಿಯುತ್ತಿರುವುದೇಕೆ?

ಮಾನ್ಯರೇ,

ಮರವನ್ನು ಕೊಳೆಸಿ ಬಿಳಿಚಿಸುವ ‘ಬಿಳಿ ಕೊಳೆ’ ಶಿಲೀಂಧ್ರವಾದ ಫ್ಯಾನೆರೊಕೀಟೆ ಕ್ರೈಸೊಸ್ಪೋರಿಯಂ ಅನ್ನು ಸಾರಜನಕ ಮಿತವಾಗಿರುವ ದ್ರವ ಮಾಧ್ಯಮದಲ್ಲಿ, ಅಲುಗಿಸದೆ, ಆಮ್ಲಜನಕ ಹಾಯಿಸಿ ಬೆಳೆಸುತ್ತಿದ್ದೇನೆ. ಸಾರಜನಕ ಮುಗಿದು ಬೆಳವಣಿಗೆ ನಿಂತ ಮೇಲೆ ಈ ಶಿಲೀಂಧ್ರವು ದ್ವಿತೀಯಕ ಚಯಾಪಚಯಕ್ಕೆ (ಬೆಳವಣಿಗೆಗೆ ನೇರವಾಗಿ ಬೇಕಿಲ್ಲದ ಜೀವರಾಸಾಯನಿಕ ಕ್ರಿಯೆಗಳಿಗೆ) ಹೊರಳಿ, ಮರಕ್ಕೆ ಗಡಸುತನ ಕೊಡುವ ಲಿಗ್ನಿನನ್ನು ಒಡೆಯುವ ಲಿಗ್ನಿನ್ ಪೆರಾಕ್ಸಿಡೇಸ್ ಕಿಣ್ವವನ್ನು ಹೊರಸೂಸುತ್ತದೆ ಎಂಬುದು ತಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಹಸಿವೇ ಕಿಣ್ವೋತ್ಪಾದನೆಗೆ ಸೂಚನೆಯಾಗುವ ಈ ಸಂಗತಿಯೇ ನನ್ನನ್ನು ಈ ಅಧ್ಯಯನಕ್ಕೆ ಸೆಳೆದದ್ದು.

ತೊಡಕು ಆ ನಂತರದ್ದು. ಈ ಕಿಣ್ವದ ಪರೀಕ್ಷೆಗೆ ಬಳಸುವ ವೆರಾಟ್ರಿಲ್ ಆಲ್ಕೊಹಾಲ್ ಎಂಬ ಸಂಯುಕ್ತದ ಉತ್ಕರ್ಷಣೆಯನ್ನು 310 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆದಾಗ ಕಿಣ್ವದ ಚಟುವಟಿಕೆ ಚೆನ್ನಾಗಿ ಏರಿ, ಹೆಚ್ಚು ಕಾಲ ನಿಲ್ಲದೆ ನೆಲಕಚ್ಚುತ್ತದೆ, ಮತ್ತು ಆ ಹೊತ್ತಿಗೆ ಮಾಧ್ಯಮದ ಗ್ಲೂಕೋಸ್ ಕೂಡ ಬಹುಪಾಲು ಖಾಲಿಯಾಗಿರುತ್ತದೆ. ಇಂಗಾಲವೂ ಬರಿದಾದಾಗ ಶಿಲೀಂಧ್ರ ಹೊರಬಿಡುವ ಪ್ರೋಟಿಯೇಸ್‌ಗಳೇ (ಪ್ರೋಟೀನನ್ನು ಒಡೆಯುವ ಕಿಣ್ವಗಳೇ) ಪೆರಾಕ್ಸಿಡೇಸನ್ನು ಒಡೆಯುತ್ತಿವೆ ಎಂಬುದು ನನ್ನ ಬಲವಾದ ಅನುಮಾನ. ಆದರೆ ಕಿಣ್ವದ ಸಂಶ್ಲೇಷಣೆಯೇ ನಿಂತಿರುವ ಸಾಧ್ಯತೆಯನ್ನು ಇದರಿಂದ ಬೇರ್ಪಡಿಸಿ ತೋರಿಸುವುದು ಹೇಗೆ? ಚಟುವಟಿಕೆ ತುದಿ ಮುಟ್ಟುವ ಮೊದಲೇ ಗ್ಲೂಕೋಸನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋದರೆ ಸಾಕೇ, ಅಥವಾ ಸೋಸಿದ ದ್ರವಕ್ಕೆ ಪ್ರೋಟಿಯೇಸ್ ಪ್ರತಿಬಂಧಕ ಬೆರೆಸಿ ಹೋಲಿಸಿ ನೋಡಬೇಕೇ? ಈ ಬಗೆಯಲ್ಲಿ ಶಿಲೀಂಧ್ರವನ್ನು ಕೈಯಾರೆ ಬೆಳೆಸಿದವರು, ಗ್ಲೂಕೋಸ್ ಸೇರಿಸುವ ಸರಿಯಾದ ಹಂತವನ್ನು ಹೇಗೆ ಗುರುತಿಸಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.