ಡ್ರಾಫ್ಟ್‌ನಲ್ಲಿ ಹೆಸರು ಬಾರದ ಕಾಲೇಜು ಐಸ್ ಹಾಕಿ ಆಟಗಾರನಿಗೆ ಮುಂದೇನು?

ಪ್ರಶ್ನೆ

ನಾವು ಹಾಸನದ ಕಡೆಯವರು. ಈಗ ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿದ್ದೇವೆ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ನಮ್ಮ ಮಗ ಚಿಕ್ಕಂದಿನಿಂದಲೂ ಐಸ್ ಹಾಕಿ ಆಡುತ್ತಿದ್ದಾನೆ. ಫಾರ್ವರ್ಡ್ ಆಟಗಾರನಾದ ಅವನಿಗೆ ವೇಗವಿದೆ, ಆದರೆ ಮೈಕಟ್ಟು ಸಣ್ಣದು. ಉತ್ತರ ಅಮೆರಿಕದ ಅತ್ಯುನ್ನತ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ಪ್ರತಿವರ್ಷ ಹದಿನೆಂಟರ ಆಸುಪಾಸಿನ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವನ ಹೆಸರು ಬರುವ ಸಂಭವ ಕಡಿಮೆ ಎಂದು ಕೋಚ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹಾಗಿದ್ದ ಮೇಲೆ ಕಾಲೇಜಿನಲ್ಲಿ ನಾಲ್ಕು ವರ್ಷ ಆಡುವುದರಿಂದ ವೃತ್ತಿಪರ ಆಟದ ದಾರಿ ತೆರೆಯುತ್ತದೆಯೇ, ಅಥವಾ ಅದು ಓದಿನ ಜೊತೆಗಿನ ಹವ್ಯಾಸವಾಗಿಯೇ ಮುಗಿಯುತ್ತದೆಯೇ? ಊರಿನ ಬಂಧುಗಳಿಗೆ ಹಾಕಿ ಎಂದರೆ ಕೊಡಗು ನೆನಪಾಗುತ್ತದೆಯೇ ಹೊರತು ಹಿಮದ ಅಂಗಳವಲ್ಲ. ಆದ್ದರಿಂದ ತಿಳಿದವರನ್ನು ಇಲ್ಲಿ ಕೇಳುತ್ತಿದ್ದೇನೆ.

ಉತ್ತರ 1

ಮಾನ್ಯರೇ, ತಮ್ಮ ಪ್ರಶ್ನೆಗೆ ಮಾರ್ಟಿನ್ ಸೇಂಟ್ ಲೂಯಿಯವರ ವೃತ್ತಿಜೀವನಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋರುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದವರಾದ ಅವರ ಎತ್ತರ ಸುಮಾರು ಐದಡಿ ಎಂಟಿಂಚು. 1993ರಿಂದ 1997ರವರೆಗೆ ವರ್ಮಾಂಟ್ ವಿಶ್ವವಿದ್ಯಾಲಯಕ್ಕೆ ಆಡಿ, 91 ಗೋಲು ಮತ್ತು 176 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಸೇರಿಸಿ 267 ಅಂಕ ಗಳಿಸಿದರು. 1996ರಲ್ಲಿ ಅವರ ತಂಡ ರಾಷ್ಟ್ರೀಯ ಸೆಮಿಫೈನಲ್‌ಗಳಾದ ‘ಫ್ರೋಜನ್ ಫೋರ್’ ತಲುಪಿತು. ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಮೂರು ಸಲ ಬಂದರೂ ಯಾವ ಎನ್‌ಎಚ್‌ಎಲ್ ತಂಡವೂ ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಲಿಲ್ಲ.

ಪದವಿಯ ನಂತರ ಕೆಳಹಂತದ ಲೀಗ್‌ನಲ್ಲಿ ಆಡುತ್ತಿದ್ದಾಗ ಕ್ಯಾಲ್ಗರಿ ಫ್ಲೇಮ್ಸ್ ಒಪ್ಪಂದ ಮಾಡಿಕೊಂಡಿತಾದರೂ 2000ದಲ್ಲಿ ಕೈಬಿಟ್ಟಿತು. ಆಗ ಟ್ಯಾಂಪಾ ಬೇ ಲೈಟ್ನಿಂಗ್ ಅವರನ್ನು ಸೇರಿಸಿಕೊಂಡಿತು. 2003–04ರಲ್ಲಿ ಲೀಗ್‌ಗೇ ಹೆಚ್ಚಿನ 94 ಅಂಕ ಗಳಿಸಿ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದ ಅವರು, ಅದೇ ವರ್ಷ ಎನ್‌ಎಚ್‌ಎಲ್ ಚಾಂಪಿಯನ್‌ಷಿಪ್ ಆದ ಸ್ಟ್ಯಾನ್ಲಿ ಕಪ್‌ನ ಫೈನಲ್‌ನಲ್ಲಿ ಸೋಲಿಸಿದ್ದು ತಮ್ಮನ್ನು ಕೈಬಿಟ್ಟಿದ್ದ ಕ್ಯಾಲ್ಗರಿಯನ್ನೇ. 2018ರಲ್ಲಿ ಹಾಲ್ ಆಫ್ ಫೇಮ್ ಗೌರವವೂ ಸಂದಿತು.

ಸಣ್ಣ ಮೈಕಟ್ಟಿನ ಹುಡುಗನಿಗೆ ಕಾಲೇಜು ಕೊಡುವ ದೊಡ್ಡ ವಸ್ತು ಸಮಯ ಎಂಬುದು ನನ್ನ ಅಭಿಪ್ರಾಯ. ಕಾಲೇಜು ತಂಡಗಳ ಪಂದ್ಯಗಳು ಬಹುಮಟ್ಟಿಗೆ ಶುಕ್ರವಾರ ಮತ್ತು ಶನಿವಾರ ನಡೆಯುವುದರಿಂದ ವಾರದ ಉಳಿದ ದಿನಗಳು ಅಭ್ಯಾಸಕ್ಕೂ ಜಿಮ್‌ಗೂ ಒದಗುತ್ತವೆ. ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಾದರೆ (ಸುಮಾರು ಹದಿನಾರರಿಂದ ಇಪ್ಪತ್ತರ ವಯಸ್ಸಿನವರು ಆಡುವ ಲೀಗ್‌ಗಳು) ಋತುವಿಗೆ 60ಕ್ಕೂ ಹೆಚ್ಚು ಪಂದ್ಯಗಳು, ಜೊತೆಗೆ ದೀರ್ಘ ಬಸ್ ಪ್ರಯಾಣ. ಮೈ ಬೆಳೆಸಿಕೊಳ್ಳುವುದಕ್ಕೆ ಅಲ್ಲಿ ಬಿಡುವು ಸಿಗುವುದು ಕಷ್ಟ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದ್ದರೂ ಸೇಂಟ್ ಲೂಯಿಯವರನ್ನು ಅಳತೆಗೋಲಾಗಿ ಹಿಡಿಯಬಾರದು, ಅಂಥವರು ಅಪರೂಪ. ಕಾಲೇಜು ಆಟಗಾರರಲ್ಲಿ ಬಹುತೇಕರು ಎನ್‌ಎಚ್‌ಎಲ್ ಮುಟ್ಟುವುದಿಲ್ಲ. ಎಎಚ್‌ಎಲ್, ಇಸಿಎಚ್‌ಎಲ್‌ನಂಥ ಕೆಳಹಂತದ ಲೀಗ್‌ಗಳಲ್ಲೋ ಯುರೋಪಿನಲ್ಲೋ ಕೆಲವು ವರ್ಷ ಆಡಿ, ಆಮೇಲೆ ಪದವಿಯನ್ನು ನೆಚ್ಚಿ ಬೇರೆ ಕೆಲಸ ಹಿಡಿಯುತ್ತಾರೆ.

ಡ್ರಾಫ್ಟ್‌ನಲ್ಲಿ ಆಯ್ಕೆಯಾಗದಿರುವುದಕ್ಕೆ ಒಂದು ಅನುಕೂಲವೂ ಇದೆ. ಆಯ್ಕೆಯಾದವನ ಹಕ್ಕು ಆರಿಸಿದ ತಂಡದ ಕೈಯಲ್ಲಿರುತ್ತದೆ. ಆಯ್ಕೆಯಾಗದವನು ಕಾಲೇಜಿನಲ್ಲಿ ಮಿಂಚಿದರೆ ತನಗೆ ಬೇಕಾದ ತಂಡದೊಡನೆ ಮಾತಾಡಬಹುದು. 1985ರಲ್ಲಿ ಆರ್‌ಪಿಐ (ರೆನ್ಸೆಲಿಯರ್ ಪಾಲಿಟೆಕ್ನಿಕ್) ಎಂಬ ಕಾಲೇಜಿಗೆ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದ ಆಡಮ್ ಓಟ್ಸ್ ಡ್ರಾಫ್ಟ್ ಆಗದೆಯೇ ಡೆಟ್ರಾಯ್ಟ್ ತಂಡ ಸೇರಿ, ಮುಂದೆ ಹಾಲ್ ಆಫ್ ಫೇಮ್‌ವರೆಗೂ ಹೋದರು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹೈಸ್ಕೂಲ್ ಮುಗಿದ ಕೂಡಲೇ ಅವನು ಕಾಲೇಜು ಸೇರಬೇಕೇ? ಮೊದಲು ಜೂನಿಯರ್ ಲೀಗ್‌ಗೆ ಕಳಿಸಿದರೆ ಓದಿನ ವರ್ಷ ಹಾಳಾಗುತ್ತದೆ ಎಂಬುದು ಮನೆಯವರ ಆತಂಕ.

ಉತ್ತರ 3

ಆ ಆತಂಕ ಸಹಜವೇ. ಆದರೆ ಈ ಆಟದಲ್ಲಿ ಅದೇ ವಾಡಿಕೆ. ಹೈಸ್ಕೂಲ್ ಮುಗಿಸಿ ಒಂದೆರಡು ವರ್ಷ ಯುಎಸ್‌ಎಚ್‌ಎಲ್‌ನಂಥ ಜೂನಿಯರ್ ಲೀಗ್‌ನಲ್ಲಿ ಆಡಿ, ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಕಾಲೇಜಿನ ಮೊದಲ ವರ್ಷಕ್ಕೆ ಬರುವವರು ಬಹಳ. ಹದಿನೆಂಟಕ್ಕೇ ಹೋದ ಸಣ್ಣ ಹುಡುಗ ಇಪ್ಪತ್ಮೂರರ ಡಿಫೆನ್ಸ್ ಆಟಗಾರರ ಎದುರು ನಿಲ್ಲಬೇಕಾಗುತ್ತದೆ. ಬಹಳ ಪಂದ್ಯಗಳಲ್ಲಿ ಹೊರಗೆ ಕೂರುವ ಸಂಭವವೂ ಇದೆ.

ನಿಯಮಗಳೂ ಬದಲಾಗಿವೆ. ಕೆನಡಾದ ಮೇಜರ್ ಜೂನಿಯರ್ ತಂಡಕ್ಕೆ ಆಡಿದವರಿಗೆ ಮೊದಲು ಕಾಲೇಜು ಹಾಕಿಯ ಬಾಗಿಲು ಮುಚ್ಚಿತ್ತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ 2024ರ ನವೆಂಬರ್‌ನಲ್ಲಿ ಕೈಗೊಂಡ ತೀರ್ಮಾನದಂತೆ 2025ರ ಆಗಸ್ಟ್‌ನಿಂದ ಅವರೂ ಬರಬಹುದಾಗಿದೆ. ಇದರಿಂದ ದಾರಿಗಳು ಹೆಚ್ಚಿದವು, ನಿಜ. ಆದರೆ ಅದೇ ಸ್ಥಾನಗಳಿಗೆ ಪೈಪೋಟಿಯೂ ಹೆಚ್ಚಿತು, ಮತ್ತು ಡ್ರಾಫ್ಟ್ ಆಗದ ಹೈಸ್ಕೂಲ್ ಹುಡುಗರಿಗೇ ಅದರ ಬಿಸಿ ಮೊದಲು ತಟ್ಟುತ್ತದೆ.

ತಾವಿರುವ ಮಿನ್ನೆಸೋಟ ಒಂದರಲ್ಲೇ ಪುರುಷರ ಡಿವಿಷನ್ 1 (ಕಾಲೇಜು ಆಟದ ಅತ್ಯುನ್ನತ ಹಂತ) ಹಾಕಿ ಆಡುವ ಆರು ಸಂಸ್ಥೆಗಳಿವೆ. ಹೆಸರು ನೋಡಿ ಆರಿಸುವ ಬದಲು, ಮೊದಲ ವರ್ಷದವರಿಗೆ ಯಾವ ಕೋಚ್ ಎಷ್ಟು ಆಡಲು ಬಿಡುತ್ತಾರೆ ಎಂಬುದನ್ನು ವಿಚಾರಿಸಿರಿ. ಡಿವಿಷನ್ 3 ಕಾಲೇಜುಗಳೂ ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಸಂಸ್ಥೆಗಳೂ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಅಲ್ಲಿ ಸಿಗುವುದು ಕುಟುಂಬದ ಆದಾಯ ಅಥವಾ ಓದನ್ನು ನೋಡಿ ಕೊಡುವ ನೆರವು ಮಾತ್ರ. ಡಿವಿಷನ್ 1ರಲ್ಲಿ ಆಡಲು ಎನ್‌ಸಿಎಎ ಒಪ್ಪಿದ 16 ಮುಖ್ಯ ವಿಷಯಗಳನ್ನು ಹೈಸ್ಕೂಲಿನಲ್ಲಿ ಮುಗಿಸಿರಬೇಕು. ಜೂನಿಯರ್ ಲೀಗ್‌ಗೆ ಹೊರಡುವ ಮುನ್ನವೇ ಶಾಲೆಯ ಕೌನ್ಸೆಲರ್ ಬಳಿ ಈ ಪಟ್ಟಿಯನ್ನು ತಾಳೆ ನೋಡಿಸಿರಿ.