ಹಾರ್ನ್ ಮೌತ್‌ಪೀಸು, ತುಟಿ, ಉಸಿರು: ಮೇಷ್ಟ್ರಿಗೆ ಕೇಳಿ

ಗ್ರೂಪ್ ಅಡ್ಮಿನ್: ಮಿಲಿಟರಿ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್ ಊದಿ ನಿವೃತ್ತರಾಗಿ ಈಗ ಬಳ್ಳಾರಿಯಲ್ಲಿರುವ ನಮ್ಮ ಮೇಷ್ಟ್ರು ಇವತ್ತು ರಾತ್ರಿ ಉತ್ತರ ಕೊಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಬ್ಯಾಂಡ್ ಸೆಟ್‌ನವರೆಲ್ಲ ಕೇಳಬಹುದು. ಗುಡ್ ನೈಟ್ ಫೋಟೋ ಬೇಡ.

ಮಾನ್ವಿ ಸೆಟ್: ಸರ್ ನಮಸ್ಕಾರ. ಹೈ ನೋಟ್ ಬರಬೇಕು ಅಂದರೆ ಯಾವ ನಂಬರಿನ ಮೌತ್‌ಪೀಸು ತಗೊಳ್ಳಬೇಕು?

ಮೇಷ್ಟ್ರು: ನಂಬರು ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ನೋಡಬೇಡಿ. ರಿಮ್ಮಿನ, ಅಂದರೆ ತುಟಿಗೆ ತಾಗುವ ಅಂಚಿನ, ಒಳ ಅಗಲ ಕೇಳಿ. ಹಾರ್ನ್‌ಗೆ ಸುಮಾರು 16.5ರಿಂದ 18.5 ಮಿ.ಮೀ. ವರೆಗೆ ಸಿಗುತ್ತದೆ. 17.5ರ ಹತ್ತಿರ ಶುರು ಮಾಡಿ, ತುಟಿ ದಪ್ಪ ಇದ್ದರೆ ಸ್ವಲ್ಪ ಜಾಸ್ತಿ. ಆಮೇಲೆ ತೂತು. ಅದನ್ನು ಡ್ರಿಲ್ ನಂಬರಿನಲ್ಲಿ ಹೇಳುತ್ತಾರೆ, ನಂಬರು ಜಾಸ್ತಿಯಾದಷ್ಟು ತೂತು ಸಣ್ಣದು. ಉಲ್ಟಾ ತಿಳಿದು ತರಿಸಿ ನನಗೆ ಬೈಯಬೇಡಿ. ಹಾರ್ನ್ ಒಳಗೆ ಕೂರುವ ಬುಡದಲ್ಲೂ ಅಮೆರಿಕನ್, ಯುರೋಪಿಯನ್ ಅಂತ ಎರಡು ಥರ ಇದೆ. ನಿಮ್ಮ ಹಾರ್ನ್ ತಗೊಂಡು ಹೋಗಿ ಕೂರಿಸಿ ನೋಡಿ. ಅಲ್ಲಾಡಿದರೆ ಬೇಡ.

ಕುಷ್ಟಗಿಯಿಂದ: ನನ್ನ ಹಾರ್ನ್‌ಗೆ ಯಾವ ಹಾರ್ನ್ ಪೀಸು ಹಾಕಿದರೂ ಲೂಸು. ಪೇಪರ್ ಸುತ್ತಿ ಊದುತ್ತಿದ್ದೇನೆ. ಹಾರ್ನಿನ ಅಗಲ ಬಾಯಿ ಮುಂದಕ್ಕಿದೆ, ಮೂರು ಪಿಸ್ಟನ್, ಬಲಗೈಲಿ ಒತ್ತುವುದು.

ಮೇಷ್ಟ್ರು: ಅದು ಮೆಲೋಫೋನ್. ಫ್ರೆಂಚ್ ಹಾರ್ನ್ ಅಲ್ಲ. ಟ್ರಂಪೆಟ್ ಬುಡದ ಪೀಸು ಹಾಕಿ, ಪೇಪರ್ ತೆಗೆಯಿರಿ.

ಸಿಂಧನೂರು ಹುಡುಗ: ಸರ್ ವಯಸ್ಸು 24. ಸೀಸನ್ನಿನಲ್ಲಿ ಬಿಡುವೇ ಇಲ್ಲ, ಒಂದೊಂದು ಮೆರವಣಿಗೆ ನಾಲ್ಕೈದು ಗಂಟೆ. ಮೇಲ್ತುಟಿಯ ಎಡಗಡೆ ಜೋಮು ಹಿಡಿದ ಹಾಗಿದೆ, ಬೆಳಿಗ್ಗೆ ಎದ್ದರೂ ಹೋಗುವುದಿಲ್ಲ. ಸಲೀಸಾಗಿ ಬರುತ್ತಿದ್ದ ಮೇಲಿನ ನೋಟು ಒಡೆಯುತ್ತಿದೆ, ಆ ಕಡೆಯಿಂದ ಗಾಳಿ ಸೋರುತ್ತದೆ. ನಮ್ಮ ಓನರ್ ದೊಡ್ಡ ಪೀಸು ಹಾಕು ಅನ್ನುತ್ತಾರೆ. ಯಾವುದು ತಗೊಳ್ಳಲಿ?

ಮೇಷ್ಟ್ರು: ಯಾವುದೂ ಬೇಡ. ಮೊದಲು ಹೇಳು, ಊದುತ್ತಿದ್ದಾಗ ಪಟ್ಟನೆ ಆಯಿತಾ, ನಿಧಾನಕ್ಕೆ ಬಂತಾ? ರಿಮ್ಮಿನ ಗುರುತು ಎಷ್ಟು ಹೊತ್ತು ಇರುತ್ತದೆ? ಬೆಳ್ಳಿ ಲೇಪನ ಇದೆಯಾ, ಹೋಗಿದೆಯಾ?

ಸಿಂಧನೂರು ಹುಡುಗ: ಪಟ್ಟನೆ ಆಯಿತು ಸರ್, ಎರಡು ವಾರದ ಹಿಂದೆ. ಗುರುತು ಮರುದಿನವೂ ಇರುತ್ತದೆ. ಲೇಪನ ಹೋಗಿ ಹಿತ್ತಾಳೆ ಕಾಣುತ್ತಿದೆ, ರಿಮ್ ಒಂದು ಕಡೆ ಜಜ್ಜಿದೆ. ಇನ್ನೂ ಊದುತ್ತಿದ್ದೇನೆ.

ಮೇಷ್ಟ್ರು: ನಿಲ್ಲಿಸು. ಈಗಲೇ ಕನ್ನಡಿ ಮುಂದೆ ನಿಂತು ನಗು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚು. ಬಾಯಿ ಒಂದು ಕಡೆ ವಾಲಿದರೆ ಅಥವಾ ಒಂದು ಕಣ್ಣು ಪೂರ್ತಿ ಮುಚ್ಚದಿದ್ದರೆ ಇವತ್ತು ರಾತ್ರಿಯೇ ಆಸ್ಪತ್ರೆಗೆ ಹೋಗು, ಅದು ಹಾರ್ನ್ ವಿಷಯವೇ ಅಲ್ಲ. ಅದು ಸರಿಯಿದ್ದರೆ ನಾಳೆ ರಾಯಚೂರು ರಿಮ್ಸ್ ಆಸ್ಪತ್ರೆಗೆ ಹೋಗಿ ಇಎನ್‌ಟಿಯವರಿಗೆ ತೋರಿಸು. ನಾನು ಊದುವವನು ಅಂತ ಹೇಳು, ಹಾರ್ನ್ ತಗೊಂಡು ಹೋಗಿ ಎಲ್ಲಿ ಒತ್ತುತ್ತದೆ ಅಂತ ತೋರಿಸು. ತುಟಿ ಸುತ್ತ ಬಾಯಿ ಮುಚ್ಚುವ ದುಂಡು ಸ್ನಾಯು ಇದೆ. ಒತ್ತಿ ಒತ್ತಿ ಊದುವವರಿಗೆ ಅದು ಹರಿಯುವುದುಂಟು, ನರಕ್ಕೆ ಪೆಟ್ಟಾಗುವುದೂ ಉಂಟು. ನಿನಗೆ ಏನಾಗಿದೆ ಅಂತ ಫೋನಿನಲ್ಲಿ ಹೇಳಲು ಬರುವುದಿಲ್ಲ, ಆದರೆ ಪಟ್ಟನೆ ಆದದ್ದು, ಎರಡು ವಾರವಾದರೂ ಹೋಗದ್ದು, ಸುಮ್ನೆ ಬಿಡುವ ವಿಷಯ ಅಲ್ಲ.

ಯಾಕೆ ಒತ್ತುತ್ತೀಯ ಅಂತ ಗೊತ್ತಾ? ಎಫ್ ಶ್ರುತಿಯ ಹಾರ್ನ್ ಕೊಳವೆ ಬಿಚ್ಚಿದರೆ ಸುಮಾರು 12 ಅಡಿ. ಅಷ್ಟುದ್ದದ ಕೊಳವೆಯಲ್ಲಿ ಮೇಲಿನ ಸ್ವರಗಳು ಒತ್ತೊತ್ತಾಗಿ ಕೂತಿರುತ್ತವೆ, ಬೆರಳು ಬದಲಿಸದೆ ತುಟಿಯಿಂದಲೇ ಪಕ್ಕದ ಸ್ವರಕ್ಕೆ ಜಾರಬಹುದು. ಹಾಗೆ ಜಾರೀತು ಅಂತ ಹೆದರಿ ಎಡಗೈಯಿಂದ ಹಾರ್ನನ್ನು ಮುಖಕ್ಕೆ ಎಳೆದುಕೊಳ್ಳುತ್ತೀರಿ, ಒತ್ತಿದ ತುಟಿಗೆ ರಕ್ತ ಓಡಾಡುವುದಿಲ್ಲ, ತುಟಿ ನಡುಗದಿದ್ದರೆ ನೋಟು ಇನ್ನೂ ಒಡೆಯುತ್ತದೆ, ಮತ್ತೆ ಒತ್ತುತ್ತೀರಿ. ಡಾಕ್ಟರ್ ಊದಬಹುದು ಅಂದ ಮೇಲೆ ಕೆಳಗಿನ, ನಡುವಿನ ನೋಟುಗಳನ್ನು ಉದ್ದಕ್ಕೆ, ಮೆತ್ತಗೆ ಊದು. ಊದಿದಷ್ಟೇ ಹೊತ್ತು ಬಿಡುವು. ಎಡಗೈ ಕಿರುಬೆರಳನ್ನು ಕೊಕ್ಕೆಯಿಂದ ಹೊರಗೆ ತೆಗೆದು ಅಭ್ಯಾಸ ಮಾಡು, ಆಗ ಎಳೆಯಲು ಹಿಡಿತವೇ ಸಿಗುವುದಿಲ್ಲ. ಜಜ್ಜಿದ ಪೀಸು ಎಸೆ. ಹೊಸದಕ್ಕೆ ರಿಮ್ಮಿನ ಅಂಚು ದುಂಡಗಿರಲಿ, ಲೇಪನ ಗಟ್ಟಿ ಇರಲಿ.

ಕೊಪ್ಪಳ ಹಿರಿಯರು: ಫಾರ್ವರ್ಡ್ ಬಂದಿದೆ ನೋಡಿ: "ತುಟಿ ಜೋಮಿಗೆ ಲವಂಗದ ಎಣ್ಣೆ, ಅರಿಶಿನ, ಮೇಲೆ ತುಪ್ಪ. 3 ದಿನದಲ್ಲಿ ಗ್ಯಾರಂಟಿ."

ಮೇಷ್ಟ್ರು: ಲವಂಗದ ಎಣ್ಣೆ ಜೋಮು ಬರಿಸುವ ವಸ್ತು. ಹಲ್ಲುನೋವಿಗೆ ಹಚ್ಚುವುದೇ ಅದಕ್ಕೆ. ಮೊದಲೇ ಸ್ಪರ್ಶ ಗೊತ್ತಾಗದ ತುಟಿಗೆ ಅದನ್ನು ಹಚ್ಚಿದರೆ ಹುಡುಗ ಇನ್ನೂ ಒತ್ತುತ್ತಾನೆ. ಡಿಲೀಟ್ ಮಾಡಿ.

ಕೊಪ್ಪಳ ಹಿರಿಯರು: ಒಳ್ಳೆಯದಕ್ಕೇ ಹಾಕಿದ್ದು ಸರ್. ಪೀಸು ತೊಳೆಯಲು ಹುಣಸೆಹಣ್ಣು, ಬೂದಿ ಅಂತಲೂ ಇದೆ.

ಮೇಷ್ಟ್ರು: ಬೂದಿ ಹಾಕಿ ತಿಕ್ಕಿದರೆ ಲೇಪನ ಸವೆಯುತ್ತದೆ. ಉಗುರುಬಿಸಿ ನೀರು, ಸೋಪು, ಸಣ್ಣ ಬ್ರಷ್ ಸಾಕು. ವಾಲ್ವಿಗೆ ಕೊಬ್ಬರಿ ಎಣ್ಣೆಯೂ ಬೇಡ, ಅಂಟುತ್ತದೆ. ರೋಟರಿ ವಾಲ್ವಿನ ಎಣ್ಣೆ ಬೇರೆ ಸಿಗುತ್ತದೆ. ಒಬ್ಬರ ಪೀಸು ಇನ್ನೊಬ್ಬರು ಊದಬೇಡಿ, ಬಾಯಿಹುಣ್ಣು ಹರಡುತ್ತದೆ. ಫಾರ್ವರ್ಡ್ ಸಾಕು.

ಕೌಲ್ ಬಜಾರ್ ಟ್ರಂಪೆಟ್: ಪೀಸನ್ನು ಎರಡೂ ತುಟಿಗೆ ಅರ್ಧರ್ಧ ಇಟ್ಟರೆ ಈ ಸಮಸ್ಯೆಯೇ ಬರುವುದಿಲ್ಲ. ನಮ್ಮ ಗುರುಗಳು ಹಾಗೇ ಕಲಿಸಿದ್ದು.

ಗಂಗಾವತಿ ಹಾರ್ನ್: ಅದು ಟ್ರಂಪೆಟ್‌ಗೆ. ಹಾರ್ನ್‌ಗೆ ಮೇಲ್ತುಟಿ ಮೂರರಲ್ಲಿ ಎರಡು ಪಾಲು.

ಕೌಲ್ ಬಜಾರ್ ಟ್ರಂಪೆಟ್: ಎಲ್ಲಾ ಹಿತ್ತಾಳೆಯೇ ಅಲ್ವಾ. ನಿಮ್ಮ ಸೆಟ್ ಸಿರುಗುಪ್ಪ ಮದುವೆಯಲ್ಲಿ ಊದಿದ್ದು ಕೇಳಿದ್ದೇವೆ ಬಿಡಿ.

ಗಂಗಾವತಿ ಹಾರ್ನ್: ಊದಿದೆವು ತಾನೇ. ನೀವು ಡಿಜೆ ಗಾಡಿ ಹಿಂದೆ ಸುಮ್ನೆ ಕೈಯಲ್ಲಿ ಹಿಡಿದು ನಡೆದವರು.

ಮಾನ್ವಿ ಸೆಟ್: ಡಿಜೆ ಬಂದ ಮೇಲೆ ನಮಗೆ ಕೊಡುವುದೇ ಅರ್ಧ ರೇಟು. ಅದನ್ನು ಮಾತಾಡಿ.

ಕೌಲ್ ಬಜಾರ್ ಟ್ರಂಪೆಟ್: ಅರ್ಧ ರೇಟಿಗೆ ಮೊದಲು ಒಪ್ಪಿಕೊಂಡವರು ಯಾರು?

ರಾಯಚೂರು ತಾಯಿ: ಸರ್, ಮಗಳು ಶಾಲೆ ಬ್ಯಾಂಡಿನಲ್ಲಿದ್ದಾಳೆ, ಹಲ್ಲಿಗೆ ತಂತಿ ಹಾಕಿಸಿದ್ದೇವೆ. ಹಾರ್ನ್ ಊದಬಹುದಾ?

ಗಂಗಾವತಿ ಹಾರ್ನ್: ರೇಟಿನ ಮಾತು ಓನರ್‌ಗಳಿಗೆ ಕೇಳಿ, ನಮಗಲ್ಲ.

ಮೇಷ್ಟ್ರು: ಮೂರರಲ್ಲಿ ಎರಡು ಪಾಲು ಮೇಲ್ತುಟಿ, ಹೆಚ್ಚಿನ ಹಾರ್ನ್‌ನವರು ಹಾಗೇ ಇಡುತ್ತಾರೆ. ಹಲ್ಲಿನ ಸಾಲು ನೋಡಿ ಸ್ವಲ್ಪ ಆಚೀಚೆ. ಮುಗಿಯಿತು. ಜಗಳ ಹೊರಗೆ ಮಾಡಿ.

ಸಿರುಗುಪ್ಪ: ಬಿಸಿಲಿಗೆ ಶ್ರುತಿ ಏರುತ್ತದೆ ಸರ್.

ಮೇಷ್ಟ್ರು: ಏರುತ್ತದೆ, ಒಳಗಿನ ಗಾಳಿ ಬಿಸಿಯಾದರೆ ಹಾಗೇ. ಟ್ಯೂನಿಂಗ್ ಸ್ಲೈಡ್, ಅಂದರೆ ಶ್ರುತಿ ಸರಿಮಾಡುವ ಜಾರು ಕೊಳವೆ, ಹೊರಗೆ ಎಳೆಯಿರಿ.

ದೇವದುರ್ಗ: ಸರ್ ಹೈ ನೋಟ್‌ಗೆ ಯಾವ ಮೌತ್‌ಪೀಸು ಒಳ್ಳೆಯದು?

ಮೇಷ್ಟ್ರು: ಮೇಲೆ ಓದಿ.

ದೇವದುರ್ಗ: ಓದಿದೆ, ಅರ್ಥ ಆಗಲಿಲ್ಲ. ಒಂದು ನಂಬರ್ ಹೇಳಿಬಿಡಿ ಸಾಕು.

ಸಿಂಧನೂರು ಹುಡುಗ: ಕಣ್ಣು ಎರಡೂ ಮುಚ್ಚುತ್ತವೆ ಸರ್, ಬಾಯಿ ವಾಲಿಲ್ಲ. ಆದರೆ ಭಾನುವಾರದ ಮದುವೆಗೆ ಅಡ್ವಾನ್ಸ್ ತಗೊಂಡಾಗಿದೆ, ಹೋಗದಿದ್ದರೆ ಓನರ್ ಬಿಡುವುದಿಲ್ಲ.

ಮೇಷ್ಟ್ರು: ನಾಳೆ ರಿಮ್ಸ್. ಭಾನುವಾರ ಹೋಗು, ಆದರೆ ಜಾಂಜ್ ಹಿಡಿದುಕೋ. ಓನರ್ ನಂಬರ್ ನನಗೆ ಬೇರೆಯಾಗಿ ಕಳಿಸು, ನಾನು ಮಾತಾಡುತ್ತೇನೆ.